ಫಿಟ್ಸ್ ಮಾತ್ರೆ ಮತ್ತು ಬಣ್ಣದ ನೋಟ



ಮೂರ್ಛೆರೋಗದ ಚಿಕಿತ್ಸೆಯ ಚರಿತ್ರೆಯಲ್ಲಿ ನಮ್ಮ ಯಳಂದೂರಿಗೆ ಗೌರವದ ಸ್ಥಾನವಿದೆ. 1990ರ ಸುಮಾರಿಗೆ ನರರೋಗ ತಜ್ಞ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು ಈ ಭಾಗದ ಸುಮಾರು 65 ಸಾವಿರ ಜನರ ಮನೆಮನೆ ಸಮೀಕ್ಷೆ ನಡೆಸಿದರು. ಸಾವಿರಕ್ಕೆ ನಾಲ್ಕೈದು ಮಂದಿಗೆ ಫಿಟ್ಸ್ ಇತ್ತು. ಫಿನೋಬಾರ್ಬಿಟೋನ್, ಫೆನಿಟಾಯಿನ್ ಎಂಬ ಅಗ್ಗದ ಮಾತ್ರೆ ಕೊಟ್ಟು ವರ್ಷಗಟ್ಟಲೆ ಗಮನಿಸಿದಾಗ, ಅರ್ಧಕ್ಕಿಂತ ಹೆಚ್ಚು ಜನರಿಗೆ ಫಿಟ್ಸ್ ನಿಂತಿತ್ತು. 2001ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಇದನ್ನು ಪ್ರಕಟಿಸಿತು.

ಮಾತ್ರೆಯಿಂದ ಗುಣವಿದೆ ಎಂಬುದಕ್ಕೆ ನಮ್ಮ ನೆಲವೇ ಸಾಕ್ಷಿ. ಆದರೆ ಬಹುಕಾಲ ನುಂಗುವ ಮಾತ್ರೆಯ ಅಡ್ಡಪರಿಣಾಮವನ್ನೂ ತಿಳಿದಿರಬೇಕು. ಅದರಲ್ಲಿ ಹೆಚ್ಚು ಮಾತಿಗೆ ಬರದ ಒಂದು, ಬಣ್ಣದ ನೋಟದಲ್ಲಾಗುವ ಬದಲಾವಣೆ.

ಕಣ್ಣಿನ ಅಕ್ಷಿಪಟದಲ್ಲಿ ಬಣ್ಣ ಗುರುತಿಸುವ ಶಂಕುಕೋಶಗಳು ಮೂರು ಬಗೆ. ನೀಲಿಯನ್ನು ಹಿಡಿಯುವವು ಹತ್ತರಲ್ಲಿ ಒಂದು ಪಾಲೂ ಇಲ್ಲ. ಅಕ್ಷಿಪಟವೂ ನರಕೋಶಗಳದ್ದೇ ಹೆಣಿಗೆ. ಮಿದುಳಿನ ಉದ್ರೇಕ ತಗ್ಗಿಸುವ ಔಷಧಿ ಅದನ್ನೂ ಮುಟ್ಟುತ್ತದೆ. ಫೆನಿಟಾಯಿನ್, ಕಾರ್ಬಮಜೆಪಿನ್, ವಾಲ್ಪ್ರೊಯೇಟ್ ಸೇವಿಸುವ ಕೆಲವರಲ್ಲಿ ನೀಲಿ-ಹಳದಿ ಛಾಯೆಗಳ ವ್ಯತ್ಯಾಸ ಮಸುಕಾಗುವುದು ಪರೀಕ್ಷೆಗಳಲ್ಲಿ ಕಂಡಿದೆ. ಸಾಮಾನ್ಯವಾಗಿ ಇದು ಬಹಳ ಸೂಕ್ಷ್ಮ, ಎಷ್ಟೋ ಜನರ ಗಮನಕ್ಕೇ ಬರದು. ಕೊಳ್ಳೇಗಾಲದ ಮಗ್ಗದಲ್ಲಿ ನೀಲಿ, ಹಸಿರು ರೇಷ್ಮೆ ಎಳೆ ಹೊಂದಿಸುವವರಿಗೆ ಬೇಗ ತಿಳಿದೀತು.

ಚುಕ್ಕೆಗಳ ನಡುವೆ ಅಂಕಿ ಓದಿಸುವ ಇಷಿಹಾರಾ ಪುಸ್ತಕ ಕೆಂಪು-ಹಸಿರಿನ ದೋಷ ಹಿಡಿಯಲು ಮಾಡಿದ್ದು. ಅದನ್ನು ಸರಿಯಾಗಿ ಓದಿದವರಿಗೂ ನೀಲಿ-ಹಳದಿಯ ತೊಂದರೆ ಇರಬಹುದು. ಬಣ್ಣದ ಬಿಲ್ಲೆಗಳನ್ನು ಛಾಯೆಯ ಕ್ರಮದಲ್ಲಿ ಜೋಡಿಸುವ ಪರೀಕ್ಷೆ ಇದನ್ನು ತೋರಿಸುತ್ತದೆ. ಆದ್ದರಿಂದ ಯಾವ ಬಣ್ಣದಲ್ಲಿ ಗೊಂದಲ, ಎಂದಿನಿಂದ ಎಂದು ವೈದ್ಯರಿಗೆ ಬಿಡಿಸಿ ಹೇಳಿ. ಸಕ್ಕರೆ ಕಾಯಿಲೆ, ಕಣ್ಣಿನ ಪೊರೆ, ಕ್ಷಯಕ್ಕೆ ಕೊಡುವ ಎಥಾಂಬ್ಯುಟಾಲ್ ಮಾತ್ರೆಯೂ ಬಣ್ಣದ ನೋಟ ಕೆಡಿಸಬಲ್ಲವು, ಅವಿದ್ದರೆ ತಿಳಿಸಿ. ಫಿಟ್ಸ್‌ಗೇ ಕೊಡುವ ವಿಗಾಬಾಟ್ರಿನ್ ಎಂಬ ಔಷಧಿ ಅಂಚಿನ ನೋಟವನ್ನೇ ಶಾಶ್ವತವಾಗಿ ಕಸಿಯಬಹುದು. ಅದನ್ನು ತೆಗೆದುಕೊಳ್ಳುವವರು ಕಣ್ಣಿನ ತಪಾಸಣೆ ತಪ್ಪಿಸಬಾರದು.

ಏನೇ ಅನ್ನಿಸಿದರೂ ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ. ಥಟ್ಟನೆ ಬಿಟ್ಟರೆ ಫಿಟ್ಸ್ ಒಂದರ ಮೇಲೊಂದು ಬಂದು ಜೀವಕ್ಕೇ ಅಪಾಯ. ಹನೂರಿನ ಕಾಡಂಚಿನ ಊರುಗಳಿಗೆ ಆಸ್ಪತ್ರೆ ದೂರ, ನಿಜ. ಅಲ್ಲಿಗೆ ಹೋಗುವವರೆಗೂ ಮಾತ್ರೆ ನಡೆಯಲಿ, ಆಶಾ ಕಾರ್ಯಕರ್ತೆಗೆ ವಿಷಯ ತಿಳಿಸಿ. ವೈದ್ಯರು ಪ್ರಮಾಣ ನೋಡಿ, ಬೇಕಿದ್ದರೆ ಹಂತಹಂತವಾಗಿ ಬೇರೆ ಔಷಧಿಗೆ ಬದಲಾಯಿಸುತ್ತಾರೆ. ಹೋಗುವಾಗ ಮಾತ್ರೆಯ ಹಾಳೆ, ಹಳೆಯ ಚೀಟಿ ಜೊತೆಗಿರಲಿ.