ಕುಂಬಾರ ಕಪ್ಪೆಯ ಖಾತೆ
(ನಾಗಪುರದಲ್ಲಿ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಬ್ಯಾಂಕಿನ ಗುಮಾಸ್ತನಿಗೂ ಕಪ್ಪೆಗೂ ಏನು ನಂಟು ಎಂದು ತಾವು ನಗಬಹುದು. ನನ್ನ ನಿತ್ಯದ ಕೆಲಸ ಸಹಿ ತಾಳೆ ನೋಡುವುದು. ಮೇಲುನೋಟಕ್ಕೆ ಎರಡೂ ಒಂದೇ. ಅಕ್ಷರದ ತಿರುವನ್ನು ಹೋಲಿಸಿದಾಗಲೇ ಕೈ ಬೇರೆಂದು ತಿಳಿಯುವುದು. ಪ್ರಾಣಿಶಾಸ್ತ್ರಜ್ಞರ ಕೆಲಸವೂ ಹೆಚ್ಚುಕಡಮೆ ಇಂಥದೇ.

ಉತ್ತರ ಕನ್ನಡ ಜಿಲ್ಲೆಯ ಸಿದ್ದಾಪುರ ತಾಲ್ಲೂಕಿನಲ್ಲಿ ಕತ್ತಲೆಕಾನು ಎಂಬ ಕಾಡುಂಟು. ಹೆಸರಿಗೆ ತಕ್ಕಂತೆ ಹಗಲಿನಲ್ಲೂ ಮಬ್ಬು. ಕಾಡುಜಾಯಿಕಾಯಿಯ ಬಳಗದ ಮರಗಳು ಮೊಣಕಾಲಿನಂತೆ ಬೇರುಗಳನ್ನು ಕೆಸರಿನಿಂದ ಮೇಲೆತ್ತಿ ನಿಂತ ಜೌಗು ಅಲ್ಲಿದೆ. ಅಲ್ಲಿಯ ಹಳ್ಳಗಳಲ್ಲಿ ಇರುಳುಗಪ್ಪೆಗಳಿವೆ. ಈ ಕುಲ ಪಶ್ಚಿಮಘಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲಿಯೂ ಇಲ್ಲ. ಸುಕ್ಕುಗಟ್ಟಿದ ಚರ್ಮ, ಮಣ್ಣಿನ ಬಣ್ಣ. ನಮ್ಮಂಥವರ ಕಣ್ಣಿಗೆ ಒಂದರಂತೆಯೇ ಇನ್ನೊಂದು.

2014ರಲ್ಲಿ ಕೆ. ವಿ. ಗುರುರಾಜ, ಕೆ. ಪಿ. ದಿನೇಶ್, ಎಚ್. ಪ್ರೀತಿ, ಜಿ. ರವಿಕಾಂತ್ ಎಂಬ ವಿಜ್ಞಾನಿಗಳು ಇವುಗಳಲ್ಲಿ ಒಂದು ಹೊಸ ಜಾತಿಯೆಂದು ಪ್ರಕಟಿಸಿದರು. ಅಂಗಾಂಗಗಳನ್ನು ಅಳೆದರು, ಜೀನುಗಳ ಬರಹವನ್ನು ಓದಿ ನೆಂಟ ಜಾತಿಗಳ ಬರಹದೊಡನೆ ತಾಳೆ ನೋಡಿದರು. ಮೈಯ ಸಾಕ್ಷಿಯೂ ಜೀನಿನ ಸಾಕ್ಷಿಯೂ ಕೂಡಿಬಂದ ಮೇಲೆಯೇ ಹೊಸ ಖಾತೆ ತೆರೆದದ್ದು.

ನಡತೆಯ ಸಾಕ್ಷಿಯೂ ದೊರೆಯಿತು. ನೀರಿನ ಮೇಲೆ ಚಾಚಿದ ಕಡ್ಡಿಯ ಮೇಲೋ ಬಂಡೆಯ ಮೇಲೋ ಹೆಣ್ಣು ಮೊಟ್ಟೆಯಿಡುತ್ತದೆ. ಗಂಡು ಹಳ್ಳದ ತಳದಿಂದ ಮುಂಗೈಗಳಲ್ಲಿ ಕೆಸರು ಬಾಚಿ ತಂದು ಮೊಟ್ಟೆಗಳಿಗೆ ಮೆತ್ತುತ್ತದೆ! ಮೊಟ್ಟೆ ಒಣಗದಿರಲೆಂದೋ, ಶತ್ರುಗಳ ಕಣ್ಣಿಗೆ ಬೀಳದಿರಲೆಂದೋ ಈ ಉಪಾಯವಿರಬೇಕು. ಕುಂಬಾರನ ಕೈಕೆಲಸವಲ್ಲವೆ? ಆದ್ದರಿಂದಲೇ ಅದಕ್ಕೆ ‘ನಿಕ್ಟಿಬ್ಯಾಟ್ರೆಕಸ್ ಕುಂಬಾರ’ ಎಂದು ಹೆಸರಾಯಿತು.

ಇಲ್ಲಿ ನನ್ನ ಮನೆಯ ಮಾತೊಂದನ್ನು ಹೇಳಬೇಕು. ನನ್ನ ಮಗಳು ನಾಗಪುರದಲ್ಲೇ ಹುಟ್ಟಿದವಳು; ಶಾಲೆಯಲ್ಲಿ ‘ಕುಂಭಾರ’ ಎಂದು ಕಲಿತವಳು. ನಾನು ‘ಕುಂಬಾರ’ ಎಂದರೆ, “ಅಪ್ಪಾ, ನೀವು ತಪ್ಪು ಹೇಳುತ್ತೀರಿ” ಎಂದು ತಿದ್ದಿದಳು. ಮಾತನಾಡಲು ಬಾಯಿ ಬರಲಿಲ್ಲ. ಆ ದಿನ ರಾತ್ರಿ ಈ ಕಪ್ಪೆಯ ಹೆಸರನ್ನು ತೋರಿಸಿದೆ. ಅವಳು ಎರಡು ಸಲ ಓದಿಕೊಂಡು, “ಹಾಗಾದರೆ ಎರಡೂ ಸರಿ” ಎಂದಳು. ಹೌದು, ಎರಡೂ ಸರಿಯೇ. ಮರಾಠಿಯದು ಮರಾಠಿಗೆ, ನಮ್ಮದು ನಮಗೆ. ನೆಂಟರು, ಆದರೆ ಬೇರೆ ಬೇರೆ ಮನೆಯವರು.

ಇಷ್ಟು ಸೂಕ್ಷ್ಮವಾಗಿ ಬೇರ್ಪಡಿಸಿ ಆಗಬೇಕಾದ್ದೇನು ಎಂದು ಯಾರಾದರೂ ಕೇಳಿಯಾರು. ಲೆಕ್ಕದ ಭಾಷೆಯಲ್ಲಿಯೇ ಹೇಳುತ್ತೇನೆ. ಹತ್ತು ಜನರ ಹಣವನ್ನು ಒಂದೇ ಖಾತೆಯಲ್ಲಿ ಬರೆದರೆ ಒಬ್ಬನದು ಪೂರಾ ಕರಗಿದರೂ ಮೊತ್ತ ನೋಡುವವನಿಗೆ ತಿಳಿಯದು. ಕಾಡುಜಾಯಿಕಾಯಿಯ ಜೌಗುಗಳು ಎಷ್ಟೋ ಕಡೆ ಗದ್ದೆ ತೋಟಗಳಾಗಿ ಹೋಗಿವೆ. ಹೆಸರಿಲ್ಲದ ಜೀವಿ ಅಲ್ಲಿ ಅಳಿದರೆ, ಅಳಿದುದನ್ನು ಬರೆದಿಡಲು ಪುಟವೂ ಇರುವುದಿಲ್ಲ. ಮಾತಿನ ಗತಿಯೂ ಅಷ್ಟೇ.

ಆದ್ದರಿಂದ ಮಹನೀಯರೆ, ಈ ಸಲ ರಜೆಯಲ್ಲಿ ಊರಿಗೆ ಹೋದಾಗ ಮಕ್ಕಳನ್ನು ಹಳ್ಳದ ದಡಕ್ಕೆ ಕರೆದೊಯ್ಯಿರಿ. ಕಂಡ ಗಿಡ, ಹಕ್ಕಿ, ಹುಳುಗಳಿಗೆ ಅಜ್ಜಿಯ ಬಾಯಿಂದ ಹೆಸರು ಹೇಳಿಸಿರಿ. ಅವನ್ನು ಒಂದು ಪುಸ್ತಕದಲ್ಲಿ ಬರೆದು ತಂದರೆ ಮುಂದಿನ ರಾಜ್ಯೋತ್ಸವದಲ್ಲಿ ಇಲ್ಲಿಯೇ ಕೂತು ಓದೋಣ.

ಸಿರಿಗನ್ನಡಂ ಗೆಲ್ಗೆ.