ತಾರೆಗಳನ್ನು ಎಣಿಸುವವರನ್ನು ಎಣಿಸುವುದು

ವಿಮಳೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತ—ಈ ಹೆಸರುಗಳು ಕನ್ನಡ ಸಾಹಿತ್ಯಚರಿತ್ರೆಯನ್ನು ಓದಿದವರಿಗೆಲ್ಲ ಪರಿಚಿತವಾದವು. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ಇವರನ್ನು ಗದ್ಯಕಾರರೆಂದು ಸ್ಮರಿಸುತ್ತದೆ. ಇವರ ಕನ್ನಡ ಕೃತಿಗಳಲ್ಲಿ ಒಂದೂ ನಮ್ಮ ಕೈಸೇರಿಲ್ಲ. ಬರೆದದ್ದೆಲ್ಲ ಅಳಿದು, ಉಲ್ಲೇಖ ಮಾತ್ರ ಉಳಿಯಿತು. ಇದಕ್ಕೆ ತೀರ ವಿಲೋಮವಾದ ಒಂದು ಪ್ರಸಂಗವುಂಟು; ಅಲ್ಲಿ ಕೆಲಸ ಕಣ್ಣೆದುರಿಗೇ ನಿಂತಿದೆ, ಉಲ್ಲೇಖದ ಲೆಕ್ಕಕ್ಕೆ ಮಾತ್ರ ಸಿಕ್ಕುವುದಿಲ್ಲ. ಆ ಕೆಲಸ ಖಗೋಳವಿಜ್ಞಾನಿ ವೈನು ಬಪ್ಪು ಅವರದು. ಕನ್ನಡದ ಅಧ್ಯಾಪಕನಿಗೆ ನಕ್ಷತ್ರಗಳ ಗೊಡವೆ ಏಕೆಂದು ಕೇಳುಗರು ಹುಬ್ಬೇರಿಸಬಹುದು. ನಕ್ಷತ್ರದ ಗೊಡವೆ ನನ್ನದಲ್ಲದಿದ್ದರೂ ಉಲ್ಲೇಖದ ಗೊಡವೆ ನನ್ನದೇ ತಾನೆ?

ಇಂದು ವಿಜ್ಞಾನಿಯ ಯೋಗ್ಯತೆಯನ್ನು ಅಳೆಯುವ ಕೋಲೊಂದು ಬಳಕೆಯಲ್ಲಿದೆ. ಆತ ಎಷ್ಟು ಪ್ರಬಂಧಗಳನ್ನು ಬರೆದ, ಅವನ್ನು ಇತರರು ಎಷ್ಟು ಸಲ ಉಲ್ಲೇಖಿಸಿದರು ಎಂಬ ಲೆಕ್ಕ ಅದು. 1960ರ ದಶಕದಲ್ಲಿ ಅಮೆರಿಕದ ಯೂಜೀನ್ ಗಾರ್ಫೀಲ್ಡ್ ಉಲ್ಲೇಖಗಳ ಸೂಚಿಯನ್ನು ಪ್ರಕಟಿಸತೊಡಗಿದಾಗ, ಒಂದು ಪ್ರಬಂಧದಿಂದ ಅದರ ನಂಟಿನ ಮತ್ತೊಂದಕ್ಕೆ ದಾರಿ ತೋರುವುದು ಅವರ ಮುಖ್ಯ ಆಶಯವಾಗಿತ್ತು. ದಾರಿ ತೋರುವ ಕಲ್ಲು ಕ್ರಮೇಣ ತೂಗುವ ಕಲ್ಲಾಯಿತು. 2005ರಲ್ಲಿ ಭೌತವಿಜ್ಞಾನಿ ಹಾರ್ಹೆ ಹಿರ್ಷ್ ಎಚ್-ಸೂಚ್ಯಂಕವನ್ನು ಸೂಚಿಸಿದರು. ಒಬ್ಬನ ಇಪ್ಪತ್ತು ಪ್ರಬಂಧಗಳು ತಲಾ ಇಪ್ಪತ್ತು ಸಲವಾದರೂ ಉಲ್ಲೇಖಗೊಂಡಿದ್ದರೆ ಅವನ ಅಂಕ ಕನಿಷ್ಠ ಇಪ್ಪತ್ತು. ಒಂದೇ ಒಂದು ಪ್ರಬಂಧವನ್ನು ಬರೆದು, ಅದನ್ನು ಜಗತ್ತು ಸಾವಿರ ಸಲ ನೆನೆದರೂ ಅವನ ಅಂಕ ಒಂದೇ!

ಬಪ್ಪು ಹುಟ್ಟಿದ್ದು 1927ರಲ್ಲಿ. ತಂದೆ ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯದಲ್ಲಿದ್ದವರು. ಮಗ ಹಾರ್ವರ್ಡ್‌ನಲ್ಲಿ ಓದಿ, ಮುಂದೆ ಕ್ಯಾಲಿಫೋರ್ನಿಯದಲ್ಲಿ ಆಲಿನ್ ವಿಲ್ಸನ್ ಅವರೊಡನೆ ನಕ್ಷತ್ರಗಳ ರೋಹಿತವನ್ನು ಪರಿಶೀಲಿಸಿದರು. ಸೂರ್ಯನಂಥ ಹಾಗೂ ಅದಕ್ಕಿಂತ ತಂಪಾದ ತಾರೆಗಳ ರೋಹಿತದಲ್ಲಿ, ನೇರಳೆಯ ಅಂಚಿಗೆ, ಕ್ಯಾಲ್ಸಿಯಂ ಧಾತುವಿನ ಕಪ್ಪು ರೇಖೆಯೊಂದು ಕಾಣುತ್ತದೆ. ಕೆಲವು ತಾರೆಗಳಲ್ಲಿ ಆ ಕಪ್ಪಿನ ನಡುವೆ ಬೆಳ್ಳಿಯ ಎಳೆಯಂತೆ ಸಣ್ಣ ಬೆಳಕು. ಆ ಎಳೆ ಅಗಲವಾದಷ್ಟೂ ತಾರೆಯ ನಿಜವಾದ ಕಾಂತಿ ಹೆಚ್ಚು ಎಂಬುದನ್ನು ಇಬ್ಬರೂ 185 ತಾರೆಗಳನ್ನು ಅಳೆದು ಕಂಡುಕೊಂಡರು. ದೀಪದ ನಿಜವಾದ ಪ್ರಕಾಶ ತಿಳಿದರೆ, ಕಣ್ಣಿಗೆ ಅದು ಎಷ್ಟು ಮಂಕಾಗಿ ತೋರುತ್ತದೆ ಎಂಬುದರಿಂದ ಅದರ ದೂರವನ್ನು ಹೇಳಬಹುದಷ್ಟೆ? ಹಾಗೆ ತಾರೆಯ ದೂರಕ್ಕೂ ಒಂದು ಅಳತೆ ದೊರೆಯಿತು. 1957ರಲ್ಲಿ ಪ್ರಕಟವಾದ ಆ ಸಂಗತಿಗೆ ‘ವಿಲ್ಸನ್–ಬಪ್ಪು ಪರಿಣಾಮ’ ಎಂಬ ಹೆಸರೇ ನಿಂತಿತು. ಹೀಗೆ ಹೆಸರು ಬೇರೂರಿದ ಮೇಲೆ ಲೆಕ್ಕಕ್ಕೆ ಒಂದು ತೊಡಕು. ಹೆಸರನ್ನು ಹೇಳಿ ಮುಂದೆ ಸಾಗುವ ಬರಹಗಾರ ಮೂಲ ಪ್ರಬಂಧವನ್ನು ಪಟ್ಟಿಯಲ್ಲಿ ಕಾಣಿಸಲೇಬೇಕೆಂದಿಲ್ಲ. ಗಾದೆಯನ್ನಾಡುವವನು ಕರ್ತೃವನ್ನು ಹೆಸರಿಸುತ್ತಾನೆಯೇ?

ಅಲ್ಲಿಯೇ ಉಳಿದಿದ್ದರೆ ಅವರು ಇನ್ನೂ ಎಷ್ಟೋ ಪ್ರಬಂಧಗಳನ್ನು ಬರೆಯಬಹುದಿತ್ತು. ಅವರು ಮರಳಿದರು. ಮೊದಲು ನೈನಿತಾಲ್, 1960ರಲ್ಲಿ ಕೊಡೈಕನಾಲ್ ವೀಕ್ಷಣಾಲಯದ ಹೊಣೆ. ತಮಿಳುನಾಡಿನ ಜವ್ವಾದಿ ಬೆಟ್ಟಗಳ ಕಾವಲೂರಿನಲ್ಲಿ 1968ರಲ್ಲಿ ಸ್ವಂತ ಕಾರ್ಯಾಗಾರದಲ್ಲೇ ಸಿದ್ಧವಾದ 38 ಸೆಂಟಿಮೀಟರಿನ ದೂರದರ್ಶಕ. 1972ರಲ್ಲಿ ಒಂದು ಮೀಟರಿನದು. 1977ರ ಮಾರ್ಚ್ 10ರಂದು ಯುರೇನಸ್ ಗ್ರಹ ಒಂದು ತಾರೆಯನ್ನು ಮರೆಮಾಡಲಿದ್ದಾಗ, ತಾರೆಯ ಬೆಳಕು ಮುಂಚೆಯೇ ಕುಂದಿದ್ದನ್ನು ದಾಖಲಿಸಿದ ಕೆಲವೇ ದೂರದರ್ಶಕಗಳಲ್ಲಿ ಇದೂ ಒಂದು. ಯುರೇನಸ್ಸಿನ ಉಂಗುರಗಳು ಬೆಳಕಿಗೆ ಬಂದದ್ದು ಹಾಗೆ. 1971ರಲ್ಲಿ ಸ್ವಾಯತ್ತವಾದ ಭಾರತೀಯ ಖಭೌತ ವಿಜ್ಞಾನ ಸಂಸ್ಥೆ ಬೆಂಗಳೂರಿನಲ್ಲಿ ನೆಲೆಯೂರಿದ್ದೂ ಅವರ ಕಾಲದಲ್ಲೇ. ಜಾಗ ಹುಡುಕುವುದು, ಗಾಜು ಉಜ್ಜುವುದು, ಅನುದಾನಕ್ಕಾಗಿ ದಿಲ್ಲಿಗೆ ಬರೆಯುವುದು, ಹುಡುಗರನ್ನು ಪಳಗಿಸುವುದು—ಇವಕ್ಕೆ ಯಾವ ಪತ್ರಿಕೆಯ ಯಾವ ಪುಟಸಂಖ್ಯೆ ಕೊಡೋಣ?

ಲೆಕ್ಕವೇ ಬೇಡವೆನ್ನುವವನು ನಾನಲ್ಲ. ಲೆಕ್ಕವಿಲ್ಲದೆಡೆ ಶಿಫಾರಸು ಆಳುತ್ತದೆ, ಅದನ್ನೂ ಕಂಡವನೇ. ಆದರೆ ಒಮ್ಮೆ ಒಂದು ಆಯ್ಕೆ ಸಮಿತಿಯಲ್ಲಿ ಕುಳಿತಿದ್ದಾಗ, ಒಂಬತ್ತು ವರ್ಷ ಓಲೆಗರಿಗಳ ಮುಂದೆ ಕಣ್ಣು ಸವೆಸಿ ಒಂದು ಹಳಗನ್ನಡ ಕೃತಿಯನ್ನು ಸಂಪಾದಿಸಿದವರಿಗೆ ದೊರೆತ ಅಂಕ, ಒಂಬತ್ತು ತೆಳು ಲೇಖನಗಳನ್ನು ಬರೆದವರಿಗಿಂತ ಕಡಿಮೆಯಿತ್ತು. ನಾನು ನನ್ನ ಭಿನ್ನಮತವನ್ನು ಬರೆದು ರುಜು ಹಾಕಿದೆ. ಕೆಲಸ ಮತ್ತೊಬ್ಬರಿಗೇ ಹೋಯಿತು. ಆ ಸಂಪಾದಿತ ಕೃತಿಯನ್ನು ಇಂದಿಗೂ ವಿದ್ಯಾರ್ಥಿಗಳು ಓದುತ್ತಾರೆ. ಅಡಿಟಿಪ್ಪಣಿಯಲ್ಲಿ ಕವಿಯ ಹೆಸರಿರುತ್ತದೆ, ಸಂಪಾದಕರದು ಅಪರೂಪ.

ಬಪ್ಪು ಅವರ ದೊಡ್ಡ ಕನಸು, 2.34 ಮೀಟರ್ ವ್ಯಾಸದ ಕನ್ನಡಿಯ ದೂರದರ್ಶಕ, ನಮ್ಮ ದೇಶದಲ್ಲಿಯೇ ರೂಪುಗೊಂಡಿತು. ಅದು ಮುಗಿಯುವ ಮುನ್ನ, 1982ರ ಆಗಸ್ಟ್‌ನಲ್ಲಿ, ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಅಧ್ಯಕ್ಷರಾಗಿದ್ದಾಗಲೇ, ಅವರು ಮ್ಯೂನಿಕ್‌ನಲ್ಲಿ ತೀರಿಕೊಂಡರು. 1986ರ ಜನವರಿಯಲ್ಲಿ ದೂರದರ್ಶಕಕ್ಕೆ ಅವರ ಹೆಸರನ್ನಿಟ್ಟರು. ಅದರಲ್ಲಿ ರಾತ್ರಿಗಳನ್ನು ಕಳೆದ ತರುಣರು ತಮ್ಮ ಪ್ರಬಂಧದ ಕೊನೆಯಲ್ಲಿ, ಆಕರಗಳ ಪಟ್ಟಿಗೆ ಮುಂಚೆ, ಕಾವಲೂರಿನ ವೈನು ಬಪ್ಪು ವೀಕ್ಷಣಾಲಯಕ್ಕೆ ಒಂದು ಸಾಲಿನ ಕೃತಜ್ಞತೆಯನ್ನು ಬರೆಯುವುದುಂಟು. ಎಣಿಕೆ ಆರಂಭವಾಗುವುದು ಆ ಸಾಲಿನ ಕೆಳಗಿನಿಂದ.