ಅನ್ಯರ ಬಾವುಟ, ನಮ್ಮ ಚಾವಡಿ

(ಕಂಪ್ಲಿಯಲ್ಲಿ ಮಾಡಿದ ಭಾಷಣ)



ಹಂಪೆಯ ದಡದಲ್ಲಿ ನಿಂತು ಆನೆಗೊಂದಿಯತ್ತ ನೋಡಿರಿ. ನಡುವೆ ಹರಿಯುವದು ಒಂದೇ ಹೊಳೆ. ಎರಡು ದಡಕ್ಕೂ ಒಂದೇ ನುಡಿ. ಆದರೂ 1947ರ ಆಗಸ್ಟ್ 15ರಂದು ಈಚೆಯ ಹೊಸಪೇಟೆಯ ಕಚೇರಿಗೆ ತ್ರಿವರ್ಣಧ್ವಜವೇರಿದಾಗ, ಆಚೆಯ ಕಚೇರಿಗೆ ನಿಜಾಮರ ಹಳದಿ ಬಾವುಟವೇ ಗತಿಯಾಗಿದ್ದಿತು. ಅಲ್ಲಿ ತ್ರಿವರ್ಣವನ್ನೇರಿಸುವದು ಅಪರಾಧ! ಸಂಡೂರಾದರೋ ಘೋರ್ಪಡೆಯವರ ಸಂಸ್ಥಾನ. ಅದು ಬಳ್ಳಾರಿ ಜಿಲ್ಲೆಗೆ ಸೇರಿದ್ದು 1949ರಲ್ಲಿ. ಒಂದು ದಿನದ ಬಂಡಿದಾರಿಯೊಳಗೆ ಮೂರು ಸರಕಾರಗಳು.

ಹಳದಿಯೊಡನೆ ನಮಗೆ ಜಗಳವಿರಲಿಲ್ಲ. ಅದು ಕನ್ನಡಿಗರಿಗೆ ಪ್ರಿಯವಾದ ಬಣ್ಣವೇ. ಕಂದಾಯ ತೆತ್ತ ರೈತನನ್ನು ಕೇಳದೆ ಅವನ ಚಾವಡಿಯ ಮೇಲೆ ಏರಿಸಿದ್ದೇ ತಕರಾರು.

ವಕೀಲನಾದ ನನಗೆ ಮೈಸೂರಿನ ಪ್ರಕರಣವು ಹೆಚ್ಚು ವಿಚಾರಾರ್ಹವೆನಿಸುವದು. 1938ರ ಏಪ್ರಿಲಿನಲ್ಲಿ ಶಿವಪುರದಲ್ಲಿ ಟಿ. ಸಿದ್ದಲಿಂಗಯ್ಯನವರು ಕಾಂಗ್ರೆಸ್ಸಿನ ಬಾವುಟವನ್ನೇರಿಸಿ ಸೆರೆಯಾದರು. ಅದೇ ತಿಂಗಳ 25ರಂದು ವಿದುರಾಶ್ವತ್ಥದಲ್ಲಿ ಗೋಲಿಬಾರಾಗಿ ಜನರು ಮಡಿದರು. ಅನಂತರ ದಿವಾನ ಮಿರ್ಜಾ ಇಸ್ಮಾಯಿಲರೂ ಸರ್ದಾರ ಪಟೇಲರೂ ಒಪ್ಪಿದ್ದೇನು? ಎರಡು ಧ್ವಜಗಳೂ ಜತೆಯಾಗಿ ಹಾರಬಹುದೆಂದು! ಇಷ್ಟಕ್ಕೆ ಪ್ರಾಣಗಳು ಹೋಗಬೇಕಾಗಿತ್ತೆ?

1948ರ ಸೆಪ್ಟೆಂಬರಿನಲ್ಲಿ ನಿಜಾಮರ ಆಳಿಕೆ ಮುಗಿಯಿತು. ಆ ಹರ್ಷದ ಬೆನ್ನಲ್ಲೇ, ಬಾವುಟವನ್ನು ಮುಟ್ಟಿಯೂ ಅರಿಯದ ಬಡ ಮುಸಲ್ಮಾನ ನೆರೆಯವರ ಮೇಲೆ ಕಲಬುರ್ಗಿ, ಬೀದರ ಜಿಲ್ಲೆಗಳಲ್ಲಿ ನಡೆದ ಹಿಂಸೆಯನ್ನು ಪಂಡಿತ ಸುಂದರಲಾಲರ ಸಮಿತಿಯು ಸರಕಾರಕ್ಕೆ ವರದಿಮಾಡಿತು. ಆ ವರದಿಯನ್ನು ಬಹುಕಾಲ ಬೆಳಕಿಗೆ ತರಲಿಲ್ಲ. ಏಕೀಕರಣದ ಚರಿತ್ರೆಯನ್ನು ಹೇಳುವಾಗ ಈ ಪುಟವನ್ನು ಹಾರಿಸುವವರನ್ನು ನಾನು ಒಪ್ಪಲಾರೆ.

ಇನ್ನು ಕಂಪ್ಲಿಯೂ ಆನೆಗೊಂದಿಯೂ ಒಂದೇ ರಾಜ್ಯವಾದದ್ದು 1956ರ ನವೆಂಬರ್ 1ರಂದು. ಅಲ್ಲಿಯವರೆಗೆ ಎಂಟು ವರ್ಷ ಬಾವುಟ ಒಂದೇ. ಕಚೇರಿಗಳು ಮಾತ್ರ ಬೇರೆ ಬೇರೆ.